ಮಗ್ಗಗಳ ನಡುವಿನ ಸಂದು

ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಉಮಾಶಂಕರನ ಬೆನ್ನು ಕೆರೆಯತೊಡಗಿತು. ಆ ವಾರ್ಡಿನಲ್ಲಿ ಅವನಿಗೆ ಪೂರ್ತಿಯಾಗಿ ಕಾಣುತ್ತಿದ್ದ ವಸ್ತು ಎದುರು ಗೋಡೆಯ ಗಡಿಯಾರವೊಂದೇ. ಹಾಗಾಗಿ ತನ್ನ ಮೈಗೆ ಆಗುವುದನ್ನೆಲ್ಲ ಗಂಟೆ ನಿಮಿಷ ಸಮೇತ ಅನುಭವಿಸುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಎಡ ಹೆಗಲಿನ ಕೆಳಗೆ, ಬೆನ್ನುಮೂಳೆಯಿಂದ ನಾಲ್ಕು ಬೆರಳು ಈಚೆಗೆ, ಒಂದು ಹುಣಿಸೆ ಬೀಜದಷ್ಟು ಜಾಗ. ಕೈ ಹಾಸಿಗೆಯ ಮೇಲೇ ಇತ್ತು, ಅವನದೇ ಕೈ, ಆದರೆ ಇಪ್ಪತ್ತೆರಡು ದಿನದಿಂದ ಅದು ಅವನ ಮಾತು ಕೇಳುತ್ತಿರಲಿಲ್ಲ. ಮೊದಲು ಪಾದಕ್ಕೆ ಜೋಮು ಹಿಡಿದಾಗ ಮಗ್ಗದ ಮುಂದೆ ಹೆಚ್ಚು ಹೊತ್ತು ನಿಂತದ್ದಕ್ಕೆ ಎಂದುಕೊಂಡಿದ್ದ. ಮೂರನೇ ದಿನ ಮೊಣಕಾಲು ಹೋಯಿತು, ಐದನೇ ದಿನ ಉಸಿರು. ದೇವನಹಳ್ಳಿ ದಾರಿಯ ಈ ಆಸ್ಪತ್ರೆಗೆ ತಂದು ಹಾಕಿದಾಗ ಡಾಕ್ಟರು ಕಾಯಿಲೆಗೆ ಉದ್ದನೆಯ ಹೆಸರೊಂದನ್ನು ಹೇಳಿ, ‘ನರದ ಮೇಲಿನ ಹೊದಿಕೆ ಹಾಳಾಗಿದೆ, ಮತ್ತೆ ಬೆಳೆಯುತ್ತೆ, ಅಲ್ಲಿ ತನಕ ಉಸಿರು ಮಷಿನ್ನು ಕೊಡುತ್ತೆ’ ಎಂದಿದ್ದರು. ಬೆಳೆಯದೇ ಹೋದರೆ ಎಂದು ಕೇಳಲು ಉಮಾಶಂಕರನಿಗೆ ಬಾಯಿ ಇತ್ತು, ದನಿ ಇರಲಿಲ್ಲ. ಮೊದಲು ಬಾಯಲ್ಲಿ ಪೈಪು ಹಾಕಿ, ಅಂಟುಪಟ್ಟಿ ನಿಲ್ಲುವುದಿಲ್ಲವೆಂದು ಮೀಸೆ ಬೋಳಿಸಿದರು. ಆಮೇಲೆ ಗಂಟಲಲ್ಲಿ ತೂತು ಕೊರೆದು ಪೈಪನ್ನು ಅಲ್ಲಿಗೆ ಇಳಿಸಿದರು. ಈಗ ಉಸಿರು ಗಂಟಲಲ್ಲೇ ಒಳಗೆ ಬಂದು ಗಂಟಲಲ್ಲೇ ಹೊರಗೆ ಹೋಗುತ್ತಿತ್ತು. ತುಟಿಗಳು ಮಾತ್ರ ಏನೂ ಆಗದವರಂತೆ ಆಡುತ್ತಿದ್ದವು.

ನರ್ಸು ಮೋನಿಷಾ ಬಂದು ಅವನ ಮುಖದ ಮೇಲೆ ಬಗ್ಗಿದಳು. ಒಳ್ಳೆಯ ಹುಡುಗಿ, ಗಟ್ಟಿಯಾಗಿ ಮಾತಾಡುತ್ತಿದ್ದಳು. ಮಾತು ಬಾರದವನಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ನಂಬಿದವರಲ್ಲಿ ಅವಳೂ ಒಬ್ಬಳು. ‘ಅಂಕಲ್, ಏನ್ ಬೇಕು? ಕಣ್ಣು ಒಂದ್ಸಲ ಮುಚ್ಚಿದ್ರೆ ಹೌದು, ಎರಡ್ಸಲ ಅಂದ್ರೆ ಇಲ್ಲ. ಕಫ ತೆಗೀಲಾ? ದಿಂಬು ಸರಿ ಮಾಡ್ಲಾ? ಫ್ಯಾನು? ಚಳಿನಾ?’ ಅವಳು ಕೇಳುತ್ತ ಹೋದಳು, ಅವನು ಎರಡೆರಡು ಸಲ ಕಣ್ಣು ಮುಚ್ಚುತ್ತ ಹೋದ. ಬೆನ್ನು ಅವಳ ಪಟ್ಟಿಯಲ್ಲಿರಲಿಲ್ಲ. ಬೆನ್ನು, ಬೆನ್ನು ಎಂದು ಅವನು ತುಟಿಯಲ್ಲೇ ಹೇಳಿದ. ಅವಳು ಮಗುವನ್ನು ನೋಡುವಂತೆ ನಕ್ಕು, ‘ಮನೆಯವ್ರು ನಾಲ್ಕು ಗಂಟೆಗೆ ಬರ್ತಾರೆ ಅಂಕಲ್, ಟೆನ್ಷನ್ ಮಾಡ್ಕೋಬೇಡಿ’ ಎಂದು ಕೆನ್ನೆ ತಟ್ಟಿ ಹೋದಳು. ನಲವತ್ತೈದು ವರ್ಷದ, ಮಗಳನ್ನು ಕಾಲೇಜಿಗೆ ಕಳಿಸುವ, ಎರಡು ಮಗ್ಗದ ಯಜಮಾನನ ಕೆನ್ನೆ. ಅವನಿಗೆ ಅಳು ಬಂತು. ಅತ್ತರೆ ಮೂಗು ಕಟ್ಟುತ್ತದೆ, ಒರೆಸುವವರಿಲ್ಲ, ಕಣ್ಣೀರು ಕಿವಿಯೊಳಗೆ ಇಳಿದು ಅಲ್ಲೂ ಕೆರೆಯುತ್ತದೆ ಎಂಬ ಅನುಭವದಿಂದ ಅಳುವನ್ನು ತಡೆದುಕೊಂಡ. ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಕಿಟಕಿಯ ಗಾಜು ಸಣ್ಣಗೆ ಅದುರಿತು. ಮೊನ್ನೆಯಿಂದ ಎದೆಯಲ್ಲಿ ಕಫ ಕಟ್ಟಿ ಜ್ವರ ಬಿಟ್ಟೂಬಿಡದೆ ಕಾಯುತ್ತಿತ್ತು. ಅವನ ಕಾಲ ಬಳಿಯೇ ನಿಂತು ದೊಡ್ಡ ಡಾಕ್ಟರು ಚಿಕ್ಕ ಡಾಕ್ಟರಿಗೆ ‘ಇನ್ನೆರಡು ದಿನ ನೋಡೋಣ’ ಎಂದದ್ದನ್ನು ಅವನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದ. ಎರಡು ದಿನದ ಆಮೇಲೆ ಏನು ಎನ್ನುವುದನ್ನು ಅವರು ಹೊರಗೆ ಹೋಗಿ ಮಾತಾಡಿಕೊಂಡರು.

ಜ್ವರ ಏರಿದಂತೆ ಮಷಿನ್ನಿನ ಉಸಿರು ದೂರವಾಗುತ್ತಿತ್ತು, ಒಂದು ತೂಗು, ಒಂದು ಬಿಡು, ಒಂದು ತೂಗು, ಒಂದು ಬಿಡು, ಮಗ್ಗಕ್ಕೂ ಇದೇ ನಡೆ. ಕಣ್ಣು ಮುಚ್ಚಿದರೆ ಸಾಕು, ಹಿಂದೆ ಅವನು ಕೂಲಿಗೆ ನೇಯುತ್ತಿದ್ದ ದೊಡ್ಡಬೀರಪ್ಪನ ಶೆಡ್ಡು. ಹದಿನಾರು ಮಗ್ಗಗಳೂ ಓಡುತ್ತಿವೆ, ಒಂದರಿಂದಲೂ ಸದ್ದಿಲ್ಲ. ಲಾಳಿಗಳು ಅತ್ತಿಂದಿತ್ತ ಹಾರುತ್ತಿವೆ. ಮೂರನೇ ಮಗ್ಗಕ್ಕೂ ನಾಲ್ಕನೇ ಮಗ್ಗಕ್ಕೂ ನಡುವಿನ ಸಂದಿನಲ್ಲಿ ಉಮಾಶಂಕರ ನಿಂತಿದ್ದಾನೆ, ತನ್ನ ಕಾಲಿನ ಮೇಲೇ, ಮೀಸೆಯ ಸಮೇತ. ಆ ತುದಿಯಿಂದ ನಾಲ್ಕನೇ ಮಗ್ಗದ ಸಪ್ಪಲಮ್ಮ ಬರುತ್ತಾಳೆ. ತಲೆಯ ತುಂಬ ಹತ್ತಿಯ ಧೂಳು, ಸೊಂಟದಲ್ಲಿ ಕಂಡಿಕೆಯ ಬುಟ್ಟಿ, ಬುಟ್ಟಿಯಲ್ಲಿ ನೂಲು ಸುತ್ತಿದ ಕಡ್ಡಿಗಳು. ನಿಜವಾದ ಶೆಡ್ಡಿನಲ್ಲಿ ಆ ಸಂದು ಎಷ್ಟು ಇಕ್ಕಟ್ಟೆಂದರೆ ಇಬ್ಬರು ಎದುರಾದರೆ ಇಬ್ಬರೂ ಅಡ್ಡ ತಿರುಗಿ, ಬೆನ್ನಿಗೆ ಬೆನ್ನು ಸವರಿಕೊಂಡೇ ದಾಟಬೇಕು. ಮೂರು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದು ಅಷ್ಟೇ, ದಿನಕ್ಕೆ ಒಂದೋ ಎರಡೋ ಸಲ, ಹೆಗಲ ಕೆಳಗಿನ ಒಂದು ಮೂಳೆ ಇನ್ನೊಂದು ಮೂಳೆಗೆ ತಾಗಿದ್ದು. ಅಷ್ಟರಲ್ಲೇ ಅವನು ಇಡೀ ದಿನ ಬದುಕುತ್ತಿದ್ದ. ಕನಸಿನಲ್ಲೂ ಸಂದು ಅಷ್ಟೇ ಇಕ್ಕಟ್ಟು. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಅವನು ಒಂದು ಹೆಜ್ಜೆ ಹಿಂದೆ, ಅವಳು ಅಡ್ಡವಾದರೆ ಅವನೂ ಅಡ್ಡ, ದಾಟಿದ್ದಾಯಿತು ಎನ್ನುವಾಗ ಇಬ್ಬರೂ ತಿರುಗುತ್ತಾರೆ, ಮತ್ತೆ ದಾಟಬೇಕು. ಹೀಗೆ ದಾಟುವುದೇ ಒಂದು ಕುಣಿತವಾಗಿಬಿಡುತ್ತದೆ. ಗಣೇಶನ ಮೆರವಣಿಗೆಯಲ್ಲಿ ಎಲ್ಲರೂ ಕುಣಿಯುವಾಗ ಹಿಂದೆ ಜನರೇಟರಿನ ಗಾಡಿ ತಳ್ಳಿಕೊಂಡು ಬಂದವನು ಅವನು. ಅಂಥವನ ಕಾಲು ಈಗ ತಪ್ಪುವುದಿಲ್ಲ. ಮೂರನೆಯ ಸಲಕ್ಕೆ ಬೆನ್ನಲ್ಲ, ಮುಖಕ್ಕೆ ಮುಖ. ಬುಟ್ಟಿ ಎಲ್ಲೋ ಹೋಗಿರುತ್ತದೆ. ಅವಳ ಅಂಗೈ ಅವನ ಅಂಗೈಗೆ ಬರುತ್ತದೆ, ನೂಲು ಹರಿದು ಹರಿದು ಒರಟಾದ ಅಂಗೈ. ಮಗ್ಗದ ಕೋಲು ಬೀಸಿದಾಗ ಇಬ್ಬರೂ ಒಂದೇ ಕಡೆಗೆ ಬಾಗುತ್ತಾರೆ. ಅವಳು ನಗುತ್ತಾಳೆ. ಅಷ್ಟು ಸುಖ ಅವನಿಗೆ ಎಚ್ಚರದಲ್ಲಿ ಯಾವತ್ತೂ ಆಗಿರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯೂ ಉಳಿದಿರಲಿಲ್ಲ. ದೂರದಲ್ಲಿ, ಶೆಡ್ಡಿನ ಬಾಗಿಲಲ್ಲಿ, ಯಾರೋ ಈ ಕಡೆಗೆ ಬೆನ್ನು ಮಾಡಿ ಕೂತು ರಾಟೆಯಲ್ಲಿ ಕಂಡಿಕೆ ಸುತ್ತುತ್ತಿರುತ್ತಾರೆ. ಎಳೆ ಹರಿದಾಗ ಎಡ ಮಂಡಿಯಿಂದ ರಾಟೆಯನ್ನು ತಡೆದು ನಿಲ್ಲಿಸಿ, ಗಂಟು ಹಾಕಿ, ಮತ್ತೆ ತಿರುಗಿಸುತ್ತಾರೆ. ಅದು ಯಾರೆಂದು ನೋಡುವಷ್ಟು ಬಿಡುವು ಅವನಿಗೆ ಇರುವುದಿಲ್ಲ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಮಗ್ಗಗಳು ನಿಲ್ಲುತ್ತವೆ. ಸಪ್ಪಲಮ್ಮ ಅವನ ಕೈ ಬಿಟ್ಟು, ಏನನ್ನೋ ಕೇಳಲು ಬಾಯಿ ತೆರೆಯುತ್ತಾಳೆ. ಪ್ರತಿ ಸಲವೂ ಅಲ್ಲಿಗೇ ಅವನಿಗೆ ಎಚ್ಚರವಾಗುತ್ತಿತ್ತು.

ಅವಳು ಏನು ಕೇಳಲು ಬಾಯಿ ತೆರೆಯುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹದಿನಾರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕಿವಿಯ ಹತ್ತಿರ ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ದುಡಿಯುವವರು ತುಟಿ ನೋಡಿ ಮಾತು ಹಿಡಿಯುವುದನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. ದನಿ ತೆಗೆಯದೆ ತುಟಿ ಮಾತ್ರ ಬಿಡಿಸಿ ಆಡುತ್ತಾರೆ, ಜೊತೆಗೊಂದು ಹುಬ್ಬು, ಒಂದು ಬೆರಳು. ನೂಲು ಮುಗೀತು, ಕಾಫಿಗೆ ಹೋಗೋಣ್ವಾ, ಹಿಂದೆ ಯಜಮಾನ್ರು ನಿಂತವ್ರೆ. ಮೂರನೇ ಮಗ್ಗದವನೂ ನಾಲ್ಕನೇ ಮಗ್ಗದವಳೂ ಅದೇ ಭಾಷೆಯಲ್ಲಿ ಮೂರು ವರ್ಷ ಪ್ರೀತಿ ಮಾಡಿದರು. ಎಲ್ಲರ ನಡುವೆ, ಹಾಡುಹಗಲಲ್ಲಿ, ಅಷ್ಟೊಂದು ಗದ್ದಲದಲ್ಲಿ. ಅವಳು ಬೂದಿಗೆರೆ ಕಡೆಯವಳು, ರಾಗಿ ಹೊಲದ ಮನೆಯವಳು, ಜಾತಿ ಬೇರೆ. ಕರೆಂಟು ಹೋದರೆ ಇಬ್ಬರೂ ಮುಖ ತಿರುಗಿಸಿ ಗುರುತಿಲ್ಲದವರಾಗಿಬಿಡುತ್ತಿದ್ದರು. ಹಾಗಾಗಿ ಅವಳ ದನಿ ಹೇಗಿದೆಯೆಂಬುದೇ ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಮನೆಯವರು ಗಂಡು ನೋಡಿದ್ದಾರೆ ಎಂದು ಅವಳು ಒಂದು ವಾರದಿಂದ ಹೇಳುತ್ತಿದ್ದಳು. ಅವಳ ತುಟಿ ಆ ಮಾತಿಗೆ ತೆರೆದ ಕೂಡಲೇ ಉಮಾಶಂಕರ ಹರಿಯದ ಎಳೆಯನ್ನು ಹುಡುಕಿಕೊಂಡು ಮಗ್ಗದ ಮೇಲೆ ಬಗ್ಗುತ್ತಿದ್ದ. ಆ ಶುಕ್ರವಾರ ಮಧ್ಯಾಹ್ನ ಕರೆಂಟು ಹೋಯಿತು, ನೊಣ ಹಾರಿದರೂ ಕೇಳಿಸುವಂಥ ಮೌನ, ಆಗ ಅವಳು ದನಿ ತೆಗೆದು ಕೇಳಿದಳು: ‘ಶಂಕ್ರ, ನನ್ನ ಯಾವತ್ತು ಕರ್ಕೊಂಡೋಗ್ತೀಯ?’ ಸ್ವಲ್ಪ ಗೊಗ್ಗರು ದನಿ. ಶೆಡ್ಡಿನ ಅಷ್ಟೂ ಮುಖ ಅವನ ಕಡೆ ತಿರುಗಿತು. ದೊಡ್ಡಬೀರಪ್ಪ ಲೆಕ್ಕದ ಪುಸ್ತಕದಿಂದ ತಲೆಯೆತ್ತಿದ. ಹದಿನಾರು ಮಗ್ಗದ ಗದ್ದಲದಲ್ಲಿ ಅವಳ ಒಂದೊಂದು ಮಾತನ್ನೂ ಹಿಡಿಯುತ್ತಿದ್ದವನು ಆ ಮೌನದಲ್ಲಿ ಕಿವಿಗೆ ಕೈಯಿಟ್ಟು, ಪರಿಚಯವಿಲ್ಲದ ಹೆಂಗಸನ್ನು ಮಾತಾಡಿಸುವಂತೆ, ‘ಏನಮ್ಮಾ? ಕೇಳಿಸ್ಲಿಲ್ಲ’ ಎಂದ. ಯಾರೋ ಕಿಸಕ್ಕೆಂದರು. ಸಪ್ಪಲಮ್ಮ ಇನ್ನೊಂದು ಸಲ ಕೇಳಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋದಳು. ಸೋಮವಾರದಿಂದ ನಾಲ್ಕನೇ ಮಗ್ಗಕ್ಕೆ ಬೇರೆ ಯಾರೋ ಬಂದರು.

ಕೇಳಿಸಿತ್ತು. ಸಾಯುವುದಕ್ಕೆ ಮುಂಚೆ ಅವಳಿಗೆ ಹೇಳಬೇಕಾಗಿದ್ದದ್ದು ಇಷ್ಟೇ: ಅವತ್ತು ನನಗೆ ಕೇಳಿಸಿತ್ತು. ಹತ್ತೊಂಬತ್ತು ವರ್ಷದಲ್ಲಿ ಯಾವ ದಿನ ಬೇಕಾದರೂ ಬಸ್ಸು ಹತ್ತಿ ಹೋಗಿ ಹೇಳಿ ಬರಬಹುದಾಗಿದ್ದ ಮಾತು. ಬೂದಿಗೆರೆ ಏನು ಸಮುದ್ರದಾಚೆ ಇರಲಿಲ್ಲ. ಆಗ ಕಾಲು ಇತ್ತು, ದನಿ ಇತ್ತು, ಧೈರ್ಯ ಇರಲಿಲ್ಲ. ಈಗ ಧೈರ್ಯ ಬಂದಿದೆ, ಉಳಿದದ್ದೆಲ್ಲ ಹೋಗಿದೆ. ಆದರೂ ಅವನು ಹೇಳುತ್ತಿದ್ದ. ಗಂಟಲಿಗೆ ಪೈಪು ಬಂದಾಗಿನಿಂದ ನಿದ್ದೆಯಲ್ಲೂ ಎಚ್ಚರದಲ್ಲೂ, ಗಡಿಯಾರಕ್ಕೂ ಸೂರಿಗೂ ತುಟಿಯಲ್ಲಿ ಹೇಳುತ್ತಲೇ ಇದ್ದ: ಸಪ್ಲೀ, ಕೇಳಿಸಿತ್ತು ಕಣೇ, ಬೂದಿಗೆರೆಗೆ ಬರ್ತೀನಿ, ಬಾ ಕುಣಿಯೋಣ, ಈ ಕಡೆಯಿಂದ ಬಾ, ಕೋಲು ತಗಲುತ್ತೆ. ಹೆಂಡತಿ ಭಾಗ್ಯ ಪಕ್ಕದಲ್ಲಿ ಕೂತಿದ್ದಾಗಲೂ ಹೇಳುತ್ತಿದ್ದ. ದನಿ ಹೋದದ್ದರಿಂದ ಆದ ಲಾಭ ಇದೊಂದೇ ಎಂದು ಅವನಿಗೆ ಅನ್ನಿಸಿತ್ತು, ಏನು ಹೇಳಿದರೂ ಯಾರಿಗೂ ಗೊತ್ತಾಗುವುದಿಲ್ಲ.

ನಿನ್ನೆ ಭಾಗ್ಯ ಬಂದಿರಲಿಲ್ಲ. ದಿನಾ ನಾಲ್ಕಕ್ಕೆ ಬಂದು ನಾಲ್ಕೂವರೆವರೆಗೆ ಕೂರುವವಳು, ಇಪ್ಪತ್ತೊಂದು ದಿನದಲ್ಲಿ ಮೊದಲ ಸಲ ಬರಲಿಲ್ಲ. ನಾಲ್ಕು ಗಂಟೆ ಆರು ನಿಮಿಷಕ್ಕೆ ಅವನಿಗೆ ಸಿಟ್ಟು ಬಂತು, ನಾಲ್ಕೂ ಕಾಲಿಗೆ ಹೆದರಿಕೆ, ನಾಲ್ಕೂವರೆಗೆ ಬಾಗಿಲು ಮುಚ್ಚಿದಾಗ ಅವಮಾನ. ಇಪ್ಪತ್ತು ದಿನವೂ ತಾನು ಅವಳನ್ನು ಕಾಯುತ್ತಿದ್ದೆ ಎಂಬುದೇ ಅವನಿಗೆ ಆಗ ತಿಳಿದದ್ದು. ಹದಿನೇಳು ವರ್ಷದ ಸಂಸಾರ. ಅವಳು ಅನುಗೊಂಡನಹಳ್ಳಿಯವಳು, ಮದುವೆಯಾಗಿ ಬರುವ ತನಕ ಮಗ್ಗ ಕಂಡವಳಲ್ಲ. ಬಂದ ಮೇಲೆ ಹಿಂದಿನ ಕೋಣೆಯಲ್ಲಿ ಎರಡು ಮಗ್ಗ ಓಡುತ್ತಿದ್ದರೆ ಮುಂದಿನ ಪಡಸಾಲೆಯಲ್ಲಿ ಕಂಡಿಕೆ ಸುತ್ತಿದಳು, ಮಗಳು ಮಾನಸಳನ್ನು ಹೆತ್ತಳು, ಅವನ ತಾಯಿಯ ಕೊನೆಗಾಲದ ಸೇವೆ ಮಾಡಿದಳು. ಅವಳು ಏನಾದರೂ ಹೇಳಲು ಮಗ್ಗದ ಹತ್ತಿರ ಬಂದರೆ ಅವನು ಸ್ವಿಚ್ಚು ಆರಿಸಿ, ‘ಏನು, ಹೇಳು’ ಎನ್ನುತ್ತಿದ್ದ. ಬೇರೆ ಗಂಡಸರು ಹೆಂಡತಿಗಾಗಿ ಮಗ್ಗ ನಿಲ್ಲಿಸುವುದಿಲ್ಲ, ಉಮಾಶಂಕರಣ್ಣ ನೋಡಿ ಎಷ್ಟು ಮರ್ಯಾದೆ ಕೊಡ್ತಾನೆ ಎಂದು ಬೀದಿಯ ಹೆಂಗಸರು ಹೊಗಳುತ್ತಿದ್ದರು. ಅವನೂ ಸುಮ್ಮನೆ ಹೊಗಳಿಸಿಕೊಂಡ. ಮಗ್ಗದ ಸದ್ದಿನಲ್ಲಿ ತುಟಿಯಾಡಿಸುವುದು ಇನ್ನೊಬ್ಬಳಿಗೆ ಸೇರಿದ್ದು, ಅದನ್ನು ಇವಳಿಗೆ ಕೊಡಬಾರದೆಂದು ತಾನು ನಿಲ್ಲಿಸುತ್ತಿದ್ದೇನೆ ಎಂದು ಯಾರಿಗೆ ಹೇಳುವುದು?

ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಭಾಗ್ಯ ಬಂದಳು. ಕೈ ತೊಳೆದು, ಆಸ್ಪತ್ರೆಯವರು ಕೊಡುವ ಹಸಿರು ಅಂಗಿ ತೊಟ್ಟು, ಸ್ಟೂಲು ಎಳೆದುಕೊಂಡು ಕೂತಳು. ಅವಳ ಮುಖ ಕಪ್ಪಿಟ್ಟಿತ್ತು. ‘ಎರಡು ಮಗ್ಗಾನೂ ನಾನೇ ಓಡಿಸ್ತಿದ್ದೀನಿ, ಒಂದು ಸೀರೆ ಇಳೀತು’ ಎಂದಳು. ‘ಮಾನಸ ಪರೀಕ್ಷೆಗೆ ಓದ್ಕೊತಿದಾಳೆ.’ ಅವನು ಅಭ್ಯಾಸದಂತೆ, ಯಾರಿಗೂ ಅಲ್ಲದ ಹಾಗೆ, ತುಟಿಯಲ್ಲಿ ಗೊಣಗಿದ: ಬೆನ್ನು ಕೆರೀತಿದೆ, ಬೆಳಿಗ್ಗೆಯಿಂದ ಸಾಯ್ತಿದ್ದೀನಿ. ಭಾಗ್ಯಳ ಕೈ ಅವನ ಬೆನ್ನಿನಡಿ ಹೋಯಿತು. ಅವನಿಗೆ ಆಶ್ಚರ್ಯವಾಗಲಿಲ್ಲ, ಹಾಸಿಗೆ ಸರಿಮಾಡುತ್ತಿದ್ದಾಳೆ ಎಂದುಕೊಂಡ. ಎಡಗಡೆ, ಎಂದ ತುಟಿಯಲ್ಲಿ. ಕೈ ಎಡಕ್ಕೆ ಸರಿಯಿತು. ಇನ್ನೂ ಕೆಳಗೆ. ಕೈ ಕೆಳಗಿಳಿಯಿತು. ಉಗುರು ಆ ಹುಣಿಸೆ ಬೀಜದಷ್ಟು ಜಾಗಕ್ಕೆ ಬಂದು ಕೆರೆಯಿತು. ಆರು ತಾಸಿನ ನರಕ ಒಂದು ಗಳಿಗೆಯಲ್ಲಿ ಇಳಿದುಹೋಯಿತು. ಆ ಸುಖದ ನಟ್ಟನಡುವೆ, ಅವಳ ಕೈ ಇನ್ನೂ ಅಲ್ಲಿರುವಾಗಲೇ, ಅವನಿಗೆ ಅರ್ಥವಾಯಿತು.

ತಲೆಯ ಹತ್ತಿರದ ಯಂತ್ರ ಬೀಪ್ ಬೀಪ್ ಎಂದು ಅವಸರ ಮಾಡಿತು. ಎಂಬತ್ತನಾಲ್ಕಿದ್ದ ಎದೆಬಡಿತ ನೂರಹದಿನೆಂಟಕ್ಕೆ ಹೋದದ್ದನ್ನು ಅದು ಹಸಿರು ಅಂಕಿಯಲ್ಲಿ ಎಲ್ಲರಿಗೂ ತೋರಿಸಿತು. ಬಚ್ಚಿಡಲು ಅವನಿಗೆ ಎದೆಯೂ ತನ್ನದಾಗಿ ಉಳಿದಿರಲಿಲ್ಲ. ಭಾಗ್ಯ ಆ ಅಂಕಿಯನ್ನು ನೋಡಿ, ‘ಹೆದರ್ಕೋಬೇಡಿ’ ಎಂದಳು. ‘ಹದಿನೇಳು ವರ್ಷ ಮಗ್ಗದ ಮನೇಲಿ ಬಾಳಿದೀನಿ ರೀ. ಮೋಟುಗೋಡೆ ಆಚೆ ಪಕ್ಕದ್ಮನೆ ನಾರಾಯಣಮ್ಮನ ಹತ್ರ ಹಗಲೆಲ್ಲ ಹಿಂಗೇ ಮಾತಾಡ್ತೀನಿ. ನಂಗೆ ತುಟಿ ನೋಡಕ್ಕೆ ಬರಲ್ಲ ಅಂದ್ಕೊಂಡ್ರಾ?’

ಅವನ ತುಟಿಗಳು ಬಿಗಿದುಕೊಂಡವು. ಈಗ ತುಟಿ ಮುಚ್ಚುವುದು ಎಷ್ಟು ತಡವಾದ ಜಾಣತನ ಎಂದು ಅವನಿಗೇ ನಗು ಬರುವಂತಾಯಿತು.

‘ಹನ್ನೆರಡು ದಿನದಿಂದ ನೋಡ್ತಿದ್ದೀನಿ. ಮೊದಮೊದಲು ಜ್ವರದಲ್ಲಿ ಏನೋ ಅಂತಾರೆ ಅಂದ್ಕೊಂಡೆ. ಆಮೇಲೆ ಎದ್ದಿರುವಾಗ್ಲೂ ಅದೇ. ಎದ್ದು ಹೋಗ್ಬಿಡೋಣ ಅನ್ಸೋದು. ಅರ್ಧ ಗಂಟೆ ಬಿಟ್ರೆ ಒಳಗೇ ಬಿಡಲ್ಲ, ಎಲ್ಲಿಗೆ ಹೋಗಲಿ?’ ಅವಳ ದನಿಯಲ್ಲಿ ಅಳು ಇರಲಿಲ್ಲ. ‘ನಿನ್ನೆ ಬೂದಿಗೆರೆಗೆ ಹೋಗಿದ್ದೆ. ದೊಡ್ಡಬೀರಪ್ಪನೋರ ಹತ್ರ ಮನೆ ಕೇಳ್ಕೊಂಡು ಹೋದೆ. ಯಾಕಮ್ಮ ಅಂದ್ರು, ಸೀರೆ ವಿಷ್ಯ ಅಂದೆ. ಸಪ್ಪಲಮ್ಮನೋರು ಅಪಾರ್ಟ್‌ಮೆಂಟ್ ಕೆಲಸ ಮುಗಿಸ್ಕೊಂಡು ಬಂದು ಹೂವು ಕಟ್ತಾ ಕೂತಿದ್ರು. ಒಳಕ್ಕೆ ಕರೆದ್ರು, ಕಾಫಿ ಕೊಟ್ರು. ಹೇಳ್ದೆ. ನಮ್ಮನೆಯೋರಿಗೆ ಹುಷಾರಿಲ್ಲ, ಅವತ್ತು ಅವರಿಗೆ ಕೇಳಿಸಿತ್ತಂತೆ, ಹಂಗಂತ ನಿಮಗೆ ಹೇಳ್ಬೇಕಂತೆ ಅಂದೆ.’

ಉಮಾಶಂಕರನಿಗೆ ಗಡಿಯಾರ ಮಸುಕಾಯಿತು. ಏನಂದಳು, ಎಂದು ಅವನ ತುಟಿ ಕೇಳಿತು, ಅವನು ಬೇಡವೆನ್ನುವುದರೊಳಗೇ ಕೇಳಿಬಿಟ್ಟಿತು.

‘ಹೂವು ಕಟ್ಟೋದು ನಿಲ್ಲಿಸ್ಲಿಲ್ಲ. “ನಂಗೆ ಅವತ್ತೇ ಗೊತ್ತಾಯ್ತಲ್ಲಮ್ಮ” ಅಂದ್ರು. “ಕೇಳಿಸ್ದೇ ಇದ್ದಿದ್ರೆ ಇನ್ನೊಂದ್ಸಲ ಕೇಳ್ತಿದ್ದೆ” ಅಂದ್ರು. ಅಷ್ಟೇ. ಬರುವಾಗ ಒಂದು ಮೊಳ ಹೂವು ಕೊಟ್ರು. ಯಾವ ಆಸ್ಪತ್ರೆ ಅಂತ ಕೇಳ್ಲಿಲ್ಲ.’

ಒಂದು ವಿಮಾನ ಹೋಯಿತು. ಮಷಿನ್ನು ಅವನಿಗೊಂದು ಉಸಿರು ಕೊಟ್ಟು, ತೆಗೆದುಕೊಂಡು, ಮತ್ತೊಂದು ಕೊಟ್ಟಿತು. ಇಷ್ಟು ದಿನ ಎದೆಯ ಮೇಲೆ ಹೊತ್ತಿದ್ದ ಮಾತು ತಲುಪಬೇಕಾದಲ್ಲಿಗೆ ತಲುಪಿ, ಅಲ್ಲಿ ಅದರ ಅಗತ್ಯ ಯಾರಿಗೂ ಇರಲಿಲ್ಲ ಎಂದು ತಿಳಿಸಿ ವಾಪಸು ಬಂದಿತ್ತು. ಅವಳು ಬೈದಿದ್ದರೆ, ಅತ್ತಿದ್ದರೆ, ಹಾಳಾಗಿ ಹೋಗಲಿ ಎಂದು ಮಣ್ಣು ತೂರಿದ್ದರೆ ಚೆನ್ನಾಗಿತ್ತು. ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲವಂತೆ. ಮುಖ ತಿರುಗಿಸಬೇಕೆನ್ನಿಸಿತು, ಕತ್ತು ತಿರುಗಲಿಲ್ಲ. ಮೊಣಕೈ ಮೇಲೆ ಒರಗಿ ಏಳಬೇಕೆನ್ನಿಸಿತು, ಆ ಸ್ಟೂಲಿನ ಕಾಲಿಗೆ ಬಿದ್ದುಬಿಡಬೇಕೆನ್ನಿಸಿತು. ಏನು ಅನ್ನಿಸಿದರೂ ಆ ಹಾಸಿಗೆಯ ಮೇಲೆ ಅವನು ಅಂಗಾತ ಮಲಗಿಯೇ ಇದ್ದ.

ಭಾಗ್ಯ ಅವನ ಕಣ್ಣಿನ ಕೊನೆಯನ್ನು, ಆಮೇಲೆ ಕಿವಿಯನ್ನು ಸೆರಗಿನಿಂದ ಒರೆಸಿದಳು. ಕಣ್ಣೀರು ಕಿವಿಗೆ ಇಳಿಯುವುದು ಅವಳಿಗೆ ಗೊತ್ತಿತ್ತು. ಆಮೇಲೆ ಇನ್ನೂ ಹತ್ತಿರ ಬಗ್ಗಿದಳು. ದನಿ ತೆಗೆಯಲಿಲ್ಲ. ಹದಿನೇಳು ವರ್ಷದಲ್ಲಿ ಮೊದಲ ಸಲ ಅವನ ಮುಂದೆ ಅವಳ ತುಟಿಗಳು ಮಾತ್ರ ಆಡಿದವು, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಹುಟ್ಟಾ ಮಗ್ಗದವಳಂತೆ.

‘ನೀವಿಬ್ರೂ ಕುಣಿಯೋವಾಗ ನಾನೆಲ್ಲಿರ್ತೀನಿ?’

ಕಣ್ಣು ಮುಚ್ಚಬಹುದಾಗಿತ್ತು. ಅವನ ಸ್ವಾಧೀನದಲ್ಲಿ ಉಳಿದಿದ್ದ ಬಾಗಿಲು ಅದೊಂದೇ. ಮುಚ್ಚಿದರೆ ಜ್ವರ ಎಂದುಕೊಳ್ಳುತ್ತಾರೆ, ನಿದ್ದೆ ಎಂದುಕೊಳ್ಳುತ್ತಾರೆ, ಮೋನಿಷಾ ಬಂದು ಆಂಟಿ ಅವರು ರೆಸ್ಟ್ ಮಾಡ್ಲಿ ಎನ್ನುತ್ತಾಳೆ. ರೆಪ್ಪೆ ಅರ್ಧ ಇಳಿಯಿತು ಕೂಡ. ಇಳಿದ ರೆಪ್ಪೆಯೊಳಗೆ ಶೆಡ್ಡು ಕಾಯುತ್ತಿತ್ತು, ಸದ್ದಿಲ್ಲದ ಮಗ್ಗಗಳು, ಸಂದು, ಸಂದಿನಲ್ಲಿ ಯಾರೂ ಇಲ್ಲ. ಬಾಗಿಲಲ್ಲಿ ಮಾತ್ರ ಆ ಬೆನ್ನು. ಎಳೆ ಹರಿಯಿತು, ಎಡ ಮಂಡಿ ಬಂದು ರಾಟೆಯನ್ನು ತಡೆಯಿತು. ಆ ಮಂಡಿಯನ್ನು ಹದಿನೇಳು ವರ್ಷದಿಂದ ಪಡಸಾಲೆಯಲ್ಲಿ ದಾಟಿಕೊಂಡು ಓಡಾಡಿದ್ದಾನೆ. ಅವನು ಕಣ್ಣು ತೆರೆದ.

‘ಬಾಗಿಲಲ್ಲಿ’ ಎಂದ ತುಟಿಯಲ್ಲಿ. ‘ಕಂಡಿಕೆ ಸುತ್ತುತಾ ಕೂತಿರ್ತೀಯ. ಆ ಕಡೆ ತಿರುಗಿ. ನಾನು ಯಾರು ಅಂತ ನೋಡಿರ್ಲಿಲ್ಲ.’

ಅವಳ ಕಣ್ಣು ಅವನ ತುಟಿಯನ್ನು ಕೊನೆಯ ಅಕ್ಷರದವರೆಗೂ ಹಿಂಬಾಲಿಸಿದ್ದನ್ನು ಅವನು ನೋಡಿದ. ಅಷ್ಟೂ ಅವಳಿಗೆ ತಲುಪಿತ್ತು, ಅದರಲ್ಲಿ ಅನುಮಾನವೇ ಇರಲಿಲ್ಲ. ಆಮೇಲೆ ಅವಳು ನೆಟ್ಟಗೆ ಕೂತು, ವಾರ್ಡಿಗೆಲ್ಲ ಕೇಳುವಂತೆ ದನಿ ತೆಗೆದು ಹೇಳಿದಳು:

‘ಏನ್ರೀ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.’

ಅವನು ಇನ್ನೊಂದು ಸಲ ಹೇಳಿದ. ತುಟಿ ಒಣಗಿತ್ತು, ಮೂಲೆಯಲ್ಲಿ ಸೀಳಿತು.

‘ಕೇಳಿಸ್ಲಿಲ್ಲ ರೀ.’

ಮೋನಿಷಾ ಪರದೆ ಸರಿಸಿ, ‘ಆಂಟಿ, ಟೈಮ್ ಆಯ್ತು’ ಎಂದಳು. ‘ಒಂದ್ನಿಮಿಷ ಕಣಮ್ಮ, ಏನೋ ಹೇಳ್ತಿದಾರೆ, ತಿಳೀತಿಲ್ಲ’ ಎಂದಳು ಭಾಗ್ಯ. ಅವಳ ಕೈ ಮಾತ್ರ ಇನ್ನೂ ಅವನ ಬೆನ್ನಿನಡಿಯೇ ಇತ್ತು. ಗಡಿಯಾರದಲ್ಲಿ ನಾಲ್ಕು ಮೂವತ್ತೆರಡು. ಮಷಿನ್ನಿನ ಮುಂದಿನ ಉಸಿರು ಬರುವ ತನಕ ಕಾದು, ಉಮಾಶಂಕರ ಮತ್ತೆ ಬಾಯಿ ತೆರೆದು, ಬಾಗಿಲಲ್ಲಿ ಎನ್ನುವಲ್ಲಿಂದ ಶುರುಮಾಡಿದ.